ಜೋಬು ನಂಜಪ್ಪನ ಸೌಟಿನ ಪಿನ್ನು

ನಂಜಪ್ಪ ಮಾವ ಮನುಷ್ಯರ ಮುಖ ನೋಡುವುದಕ್ಕೆ ಮೊದಲು ಅವರ ಜೇಬು ನೋಡುತ್ತಿದ್ದ. ತಾನು ರಿಪೇರಿ ಮಾಡುವ ಯಂತ್ರದ ಹತ್ತು ಮಾರು ಹತ್ತಿರಕ್ಕೆ ಯಾರೇ ಬರಲಿ, ಎಡಗೈ ಅಡ್ಡ ಹಿಡಿದು, "ಜೋಬು ಈಚೆ ತಗಿ" ಎನ್ನುತ್ತಿದ್ದ. ಬಂದವರು ಎರಡೂ ಜೇಬುಗಳನ್ನು ಒಳಹೊರಗು ಮಾಡಿ, ಆಡಿನ ಕಿವಿಯ ಹಾಗೆ ಜೋತುಬಿಟ್ಟು ನಿಂತ ಮೇಲೆಯೇ ಮುಂದಿನ ಮಾತು. ಹೀಗೆ ಅವನು ಹಿಡಿದ ಮಾಲನ್ನೆಲ್ಲ ಒಂದು ಕಡೆ ಪೇರಿಸಿದ್ದರೆ ನಮ್ಮ ದೊಡ್ಡಬೆಟ್ಟದ ಪಕ್ಕದಲ್ಲಿ ಒಂದು ಚಿಕ್ಕಬೆಟ್ಟ ಎದ್ದಿರುತ್ತಿತ್ತು. ಬೆಂಕಿಪೊಟ್ಟಣ, ಬೀಡಿ, ಮೊಳೆ, ಬೀಗದ ಕೈ. ಒಬ್ಬ ಪೊಲೀಸಿನವನ ಜೇಬಿನಿಂದ ಬೇಯಿಸಿದ ಮೊಟ್ಟೆ ಬಂತು. ನಮ್ಮ ಶಾಲೆಯಲ್ಲಿ ಹುಲಿ ಎಂದು ಹೆಸರಾದ ಡ್ರಿಲ್ ಮೇಷ್ಟರ ಜೇಬಿನಿಂದ ಅವರ ಹೆಂಡತಿ ಬರೆದುಕೊಟ್ಟ ಚೀಟಿ ಬಂತು: "ಬೆಲ್ಲ, ತೊಗರಿಬೇಳೆ. ಮರೆತರೆ ಮನೆಗೆ ಬರಬೇಡಿ." ಅದನ್ನು ಶಾಲೆಗೆಲ್ಲ ಸಾರಿದವನು ನಾನೇ. ಮೇಷ್ಟರು ನನ್ನನ್ನು ಮೈದಾನದ ಸುತ್ತ ಹದಿನೆಂಟು ಸುತ್ತು ಓಡಿಸಿದರು. ನಿಜ ಹೇಳಬೇಕೆಂದರೆ ನಾಲ್ಕು.

ಊರಿನವರು ಅವನಿಗೆ ಜೋಬು ನಂಜಪ್ಪ ಎಂದು ಹೆಸರಿಟ್ಟಿದ್ದರು. ಈ ಹುಚ್ಚು ಅವನಿಗೆ ಹತ್ತಿದ್ದು ಅರವಂಕಾಡಿನ ಸಿಡಿಮದ್ದಿನ ಕಾರ್ಖಾನೆಯಲ್ಲಿ. ಮೀಸೆ ಕರ್ರಗಿದ್ದಾಗ ಫಿಟ್ಟರ್ ಆಗಿ ಸೇರಿ, ಬೆಳ್ಳಗಾದ ಮೇಲೆ ಹೊರಗೆ ಬಂದವನು. ಅಲ್ಲಿ ಮದ್ದು ತಯಾರಾಗುವ ಕಡೆ ಬೆಂಕಿಕಡ್ಡಿ ಒಯ್ಯುವ ಹಾಗಿಲ್ಲ. ಚಪ್ಪಲಿಯಲ್ಲಿ ಒಂದು ಕಬ್ಬಿಣದ ಮೊಳೆ ಇದ್ದರೂ ಬಾಗಿಲಲ್ಲೇ ಬಿಡಬೇಕು. ಕಬ್ಬಿಣಕ್ಕೆ ಕಬ್ಬಿಣ ತಾಗಿದರೆ ಕಿಡಿ, ಕಿಡಿ ಬಿದ್ದರೆ ಕತೆ ಮುಗಿಯಿತು. ಅದಕ್ಕೇ ಅವನ ಕೈಗೆ ಹಿತ್ತಾಳೆ, ತಾಮ್ರ, ಮರ ಇವು ಬಿಟ್ಟರೆ ಬೇರೆ ಒಗ್ಗುತ್ತಿರಲಿಲ್ಲ. ಅವನ ಸುತ್ತಿಗೆಯೂ ಹಿತ್ತಾಳೆಯದೇ, ತಾನೇ ಎರಕ ಹೊಯ್ಸಿಕೊಂಡದ್ದು. ಹೊಲಿಗೆ ಯಂತ್ರ ರಿಪೇರಿಗೆ ಕರೆದರೂ ಚಪ್ಪಲಿ ಹೊರಗೆ ಬಿಟ್ಟು, ಮನೆಯವರ ಜೇಬೆಲ್ಲ ತಡಕಿ, ಆಮೇಲೆ ಮಗುವಿನ ಜ್ವರ ನೋಡುವ ಹಾಗೆ ಯಂತ್ರದ ಮೇಲೆ ಹಿಂಗೈ ಇಟ್ಟು ಒಂದು ಗಳಿಗೆ ಕಣ್ಣು ಮುಚ್ಚುತ್ತಿದ್ದ. ಅಷ್ಟರಲ್ಲಿ ದರ್ಜಿ ಕೈಯಲ್ಲೇ ಒಂದು ಅಂಗಿ ಹೊಲಿದು ಮುಗಿಸಿರುತ್ತಿದ್ದ. ಹೀಗಾಗಿ ಅವನನ್ನು ಕರೆಯುವವರು ಕಡಿಮೆಯಾಗುತ್ತ ಬಂದರು.

ಊಟಿಯ ಪೇಟೆಯಲ್ಲಿ ನಮ್ಮಪ್ಪನ ದಿನಸಿ ಅಂಗಡಿ. ಅದರ ಹಿಂದಿನ ಕೋಣೆಯಲ್ಲಿ ಅವನ ವಾಸ, ನಮ್ಮ ಮನೆಯಲ್ಲಿ ಊಟ. ನಾವೂ ಅವನೂ ಗುಂಡ್ಲುಪೇಟೆ ಕಡೆಯಿಂದ ಬೆಟ್ಟ ಹತ್ತಿದವರು. ರಕ್ತಸಂಬಂಧ ಏನೂ ಇಲ್ಲ. ಆದರೂ ನನಗೆ ಅವನು ಮಾವ, ಅವನಿಗೆ ನಾನು 'ಲೇ ಸಿದ್ದ'.

ಗುಂಡ್ಲುಪೇಟೆಯಲ್ಲಿ ಅವನಿಗೊಬ್ಬ ಮಗಳು, ಚಿಕ್ಕಣ್ಣ ಎಂಬ ಅಳಿಯ. ಅಂಥ ಒಳ್ಳೆಯ ಅಳಿಯನನ್ನು ನಾನು ಇನ್ನೆಲ್ಲೂ ಕಂಡಿಲ್ಲ. ತೊಂದರೆಯೆಲ್ಲ ಅದೇ. ಕೆಟ್ಟವನಾಗಿದ್ದರೆ ಬೈದು ಕಳಿಸಬಹುದಿತ್ತು. ಇವನು ವರ್ಷಕ್ಕೆರಡು ಸಲ ಬಸ್ಸು ಹತ್ತಿ ಬಂದು, ಕೈಮುಗಿದು, "ಮಾವ, ಈ ಚಳೀಲಿ ಯಾಕೆ? ನಮ್ಮ ಮನೆ ಜಗುಲಿ ಬೆಚ್ಚಗದೆ. ಕೂತ್ಕೊಂಡು ಎಮ್ಮೆ ನೋಡ್ಕಂಡಿರಿ ಸಾಕು" ಎನ್ನುತ್ತಿದ್ದ.

"ನಿನ್ನೆಮ್ಮೇಲಿ ಬಿಚ್ಚಿ ಜೋಡ್ಸಕ್ಕೆ ಏನದೆ ಚಿಕ್ಕಣ್ಣ?" ಎಂದು ಮಾವ ಕೇಳುತ್ತಿದ್ದ. ಪಾಪ, ಅಳಿಯ ಯೋಚಿಸಿ, "ಕೊರಳ ಗಂಟೆ ಅದೆ ಮಾವ" ಎನ್ನುತ್ತಿದ್ದ.

ಈ ವರ್ಷದ ಜನವರಿಯಲ್ಲಿ ಚಿಕ್ಕಣ್ಣ ಬಂದಾಗ ಮಾವನ ಕೈಯಲ್ಲಿ ಮೂರು ತಿಂಗಳಿಂದ ಒಂದು ಕೆಲಸವೂ ಇರಲಿಲ್ಲ. ಅಳಿಯ ಈ ಸಲ ಹಾಸಿಗೆ ಸುತ್ತುವುದಕ್ಕೆ ಹಗ್ಗವನ್ನೂ ತಂದಿದ್ದ. ಆ ಹಗ್ಗ ನೋಡಿ ಮಾವನ ಮುಖ ಇಳಿದದ್ದನ್ನು ನಾನು ಕಂಡೆ. ನನಗೆ ಎಲ್ಲದಕ್ಕೂ ನಗು ಬರುತ್ತದೆ, ಅವತ್ತು ಬರಲಿಲ್ಲ.

ಅದೇ ವಾರ ಪುಟ್ಟಶೆಟ್ಟರ ದೋಣಿಯ ಸುದ್ದಿ ಬಂತು.

ಪುಟ್ಟಶೆಟ್ಟರದು ಆಲೂಗಡ್ಡೆ ಮಂಡಿ. ವಿಲಾಯತಿಗೆ ವಾಪಸ್ಸು ಹೊರಟಿದ್ದ ಒಬ್ಬ ಎಸ್ಟೇಟಿನ ದೊರೆಯ ಮನೆಸಾಮಾನನ್ನೆಲ್ಲ ಒಟ್ಟಿಗೆ ಕೊಂಡಿದ್ದರು. ಅದರಲ್ಲಿ ಒಂದು ಪಿಯಾನೋ, ಒಂದು ಮೋಟಾರು ದೋಣಿ. ಪಿಯಾನೋದ ಮೇಲೆ ಬಿತ್ತನೆ ಆಲೂಗಡ್ಡೆ ಹರವಿದರು. ದೋಣಿಯ ಮೇಲೆ ಹರವುವುದಕ್ಕೆ ಅನುಕೂಲವಿಲ್ಲದ್ದರಿಂದ ಅದನ್ನು ಕೆರೆಯಲ್ಲಿ ಓಡಿಸುವುದೆಂದು ತೀರ್ಮಾನಿಸಿದರು. ಬಿಳೀ ದೋಣಿ, ಒಳಗೆ ಎರಡು ಇಂಜಿನ್ನು, ಹಿಂದುಗಡೆ ನೀರಿನೊಳಗೆ ಎರಡು ಪ್ರೊಪೆಲರ್. ಒಂದು ಬಲಕ್ಕೆ ತಿರುಗಿದರೆ ಇನ್ನೊಂದು ಎಡಕ್ಕೆ ತಿರುಗುತ್ತದೆ, ಅದಕ್ಕೆ ತಕ್ಕಂತೆ ರೆಕ್ಕೆಗಳ ಓರೆಯೂ ಒಂದರದು ಬಲಕ್ಕೆ, ಇನ್ನೊಂದರದು ಎಡಕ್ಕೆ. ಎರಡೂ ಹೀಗೆ ಎದುರುಬದುರು ತಿರುಗಿದರೇ ದೋಣಿ ನೆಟ್ಟಗೆ ಮುಂದೆ ಹೋಗುವುದು. ಶೆಟ್ಟರಿಗೆ ಇಬ್ಬರು ಹೆಂಡಿರು. ಕೆರೆ ದಡದ ಅವರ ದೋಣಿಮನೆಯ ಆಳುಗಳು ಎಡಗಡೆಯ ಇಂಜಿನ್ನಿಗೆ ದೊಡ್ಡಮ್ಮ ಎಂದೂ ಬಲಗಡೆಯದಕ್ಕೆ ಚಿಕ್ಕಮ್ಮ ಎಂದೂ ಗುಟ್ಟಾಗಿ ಹೆಸರಿಟ್ಟರು. ನಿಜವಾದ ದೊಡ್ಡಮ್ಮ ಚಿಕ್ಕಮ್ಮ ಎಂದೂ ಎದುರುಬದುರಾದವರಲ್ಲ. ಇಬ್ಬರೂ ಸೇರಿಯೇ ಶೆಟ್ಟರ ಮೇಲೆ ತಿರುಗುತ್ತಿದ್ದರು.

ಪ್ರೊಪೆಲರನ್ನು ಅದರ ಸರಳಿಗೆ ಹಿಡಿದಿಡುವುದು ಅಡ್ಡಲಾಗಿ ತೂರಿಸಿದ ಒಂದು ಸಣ್ಣ ಪಿನ್ನು. ಅದು ಪದೇ ಪದೇ ಮುರಿಯುತ್ತದೆಂದು ಬೇಸತ್ತು, ಶೆಟ್ಟರ ಹಳೆಯ ಡ್ರೈವರು ಎಡಗಡೆಯದಕ್ಕೆ ಬೆರಳು ಗಾತ್ರದ ಕಬ್ಬಿಣದ ಮೊಳೆ ಜಡಿದಿದ್ದ. ಒಂದು ದಿನ ಪ್ರೊಪೆಲರ್ ನೀರೊಳಗಿನ ನೀಲಗಿರಿ ಮರದ ಬುಡಕ್ಕೆ ಬಡಿಯಿತು. ಮೊಳೆ ಜಪ್ಪಯ್ಯ ಎನ್ನಲಿಲ್ಲ. ಅದರ ಬದಲು ಪ್ರೊಪೆಲರಿನ ಒಂದು ರೆಕ್ಕೆ ಹಪ್ಪಳದಂತೆ ಮಡಚಿತು, ಗೇರಿನ ಹಲ್ಲುಗಳು ಅಜ್ಜಿಯ ಬಾಯಾದವು. ಅಂದಿನಿಂದ ಚಿಕ್ಕಮ್ಮ ಒಬ್ಬಳೇ ಓಡಿ, ದೋಣಿ ಇದ್ದಲ್ಲೇ ರಾಗಿಕಲ್ಲಿನಂತೆ ಗರಗರ ಸುತ್ತುತ್ತಿತ್ತು. ಕೂನೂರಿನಿಂದ ಇಬ್ಬರು ಮೆಕ್ಯಾನಿಕ್ಕುಗಳು ಬಂದರು. ಮೊದಲನೆಯವನು ನೋಡಿ ಹೋದ. ಎರಡನೆಯವನು ಒಂದು ಸುತ್ತು ಕೂತು, ವಾಂತಿ ಮಾಡಿಕೊಂಡು ಹೋದ. ಇದನ್ನು ಕೇಳಿ ಮಾವ ತಾನೇ ದೋಣಿಮನೆಗೆ ಹೋಗಿ ಶೆಟ್ಟರ ಮುಂದೆ ನಿಂತ.

"ನೀರಿನ ಯಂತ್ರ ನೋಡಿದ್ದೀಯೇನಯ್ಯ?" ಎಂದರು ಶೆಟ್ಟರು.

"ಇಲ್ಲ ಬುದ್ಧಿ. ನೀರ್ನೂ ನೋಡಿವ್ನಿ, ಯಂತ್ರಾನೂ ನೋಡಿವ್ನಿ. ಎರಡ್ನೂ ಒಟ್ಟಿಗೆ ಈಗ್ಲೇ ನೋಡ್ತಾ ಇರದು" ಎಂದ ಮಾವ. "ಮೊದ್ಲು ತಾವು ವಸಿ ಜೋಬು ತಗೀರಿ."

ಶೆಟ್ಟರ ಜೇಬಿನಿಂದ ನಶ್ಯದ ಡಬ್ಬಿ ಬಂತು. ಮಾವ ಅದನ್ನು ತಿರುಗಿಸಿ ನೋಡಿ, "ಬೆಳ್ಳಿ. ಕಿಡಿ ಬರಕ್ಕಿಲ್ಲ. ಮಡೀಕಳಿ" ಎಂದು ಹಿಂದಕ್ಕೆ ಕೊಟ್ಟ. ಆಮೇಲೆ ದೋಣಿಯ ಕೆಳಗೆ ತೂರಿ, ಆ ಕಬ್ಬಿಣದ ಮೊಳೆಯನ್ನು ಹೊರಗೆಳೆದು, ಸತ್ತ ಹಾವು ಹಿಡಿದ ಹಾಗೆ ಎತ್ತಿ ತೋರಿಸಿದ.

"ಇದ್ಯಾವನೋ ಪುಣ್ಯಾತ್ಮ ಮುರೀಬಾರ್ದು ಅಂತ ಹಾಕವ್ನೆ. ಪಿನ್ನು ಇರದೇ ಮುರಿಯಕ್ಕೆ ಬುದ್ಧಿ. ಮುರಿಯೋದು ಮುರುದ್ರೆ ಉಳಿಯೋದು ಉಳೀತದೆ."

ಶೆಟ್ಟರಿಗೆ ಈ ತತ್ತ್ವ ಹಿಡಿಸಲಿಲ್ಲ. ಮುರಿಯುವುದಕ್ಕೆಂದೇ ಸಾಮಾನು ಹಾಕುವ ಮೇಸ್ತ್ರಿಯನ್ನು ಅವರು ಕಂಡಿರಲಿಲ್ಲ. ಆದರೂ ಬೇರೆ ದಾರಿ ಇರಲಿಲ್ಲ. ಮುಂದಿನ ಭಾನುವಾರ ಬಿಟ್ಟು ಅದರಾಚೆಯ ಭಾನುವಾರ ಬೆಳಗ್ಗೆ ದೋಣಿಗೆ ಪೂಜೆ, ಹೆಂಡಿರಿಬ್ಬರ ಮೊದಲ ಸವಾರಿ. ದೋಣಿ ಎರಡೂ ಇಂಜಿನ್ನಿನಲ್ಲಿ ಕೆರೆಯ ಆ ತುದಿ ಮುಟ್ಟಿ ವಾಪಸ್ಸು ಬಂದರೆ ದೋಣಿಮನೆಯ ಕಾಯಂ ಮೇಸ್ತ್ರಿ ನಂಜಪ್ಪ. ಬರದಿದ್ದರೆ ದೋಣಿ ಗುಜರಿಗೆ.

ಚಿಕ್ಕಣ್ಣ ಕೈಮುಗಿದು ಕೇಳಿದ, "ಬರ್ನಿಲ್ಲ ಅಂದ್ರೆ ಮಾವ?"

"ಬರ್ನಿಲ್ಲ ಅಂದ್ರೆ ನಿನ್ ಜೊತೇಲಿ ಅವತ್ತಿನ ಬಸ್ಸಿಗೇ ಬತ್ತಿನಿ. ಆಮೇಲೆ ಬೆಟ್ಟದ ಹೆಸ್ರು ಎತ್ತಕ್ಕಿಲ್ಲ. ಮಾತು ಅಂದ್ರೆ ಮಾತು ಕನ."

ಅಳಿಯ ಹಗ್ಗವನ್ನು ನಮ್ಮ ಅಂಗಡಿಯ ಗೂಟಕ್ಕೆ ತೂಗುಹಾಕಿ, ಕಾಯುತ್ತ ಕೂತ.

ಆ ಹತ್ತು ಹನ್ನೆರಡು ದಿನ ಮಾವ ಮಾಡಿದ ಕೆಲಸ ನೋಡಲು ಪೇಟೆಯೇ ದೋಣಿಮನೆಗೆ ಬರುತ್ತಿತ್ತು. ಗೇರನ್ನು ಕೂನೂರಿನ ಟೀ ಫ್ಯಾಕ್ಟರಿಯಲ್ಲಿದ್ದ ಹಳೆಯ ಸ್ನೇಹಿತನಿಂದ ಹೊಸದಾಗಿ ಮಾಡಿಸಿ ತಂದ. ಪ್ರೊಪೆಲರಿಗೆ ಮೂರು ರೆಕ್ಕೆ, ಒಂದು ಮಾತ್ರ ಸೊಟ್ಟ. ಸರಿಯಾಗಿದ್ದ ರೆಕ್ಕೆಯನ್ನು ಕೆರೆಯ ಜೇಡಿಮಣ್ಣಿಗೆ ಒತ್ತಿ ಅಚ್ಚು ತೆಗೆದ. ಅಚ್ಚು ಒಣಗಿದ ಮೇಲೆ ಸೊಟ್ಟ ರೆಕ್ಕೆಯನ್ನು ಕಾಯಿಸಿ, ಮರದ ಕೊಡತಿಯಲ್ಲಿ ಬಡಿಯುವುದು, ಅಚ್ಚಿನಲ್ಲಿ ಕೂರಿಸಿ ನೋಡುವುದು, ಕೂರದಿದ್ದರೆ ಮತ್ತೆ ಕಾಯಿಸುವುದು. ಒಂದು ದಿನಕ್ಕೆ ಒಂದು ಕೂದಲೆಳೆಯಷ್ಟು ನೆಟ್ಟಗಾಗುತ್ತಿತ್ತು. ಮಂಡಿಗೆ ಆಲೂಗಡ್ಡೆ ಹಾಕಲು ಬಂದ, ಬೆಟ್ಟದ ಹಟ್ಟಿಯ ಬಡಗರ ಗೌಡರೊಬ್ಬರು ಶಾಲು ಹೊದ್ದು ಬೆಳಗಿನಿಂದ ಸಂಜೆಯವರೆಗೆ ನೋಡಿ, ತಮ್ಮ ಹೊಲದಲ್ಲಿ ಗೆಡ್ಡೆ ಇದಕ್ಕಿಂತ ಬೇಗ ಬೆಳೆಯುತ್ತದೆ ಎಂದು ಹೇಳಿ ಹೋದರು. ಮಾವ ತಲೆಯೆತ್ತಲಿಲ್ಲ. ರೆಕ್ಕೆ ಅಚ್ಚಿನಲ್ಲಿ ಕೂತ ದಿನ ಪ್ರೊಪೆಲರನ್ನು ಒಂದು ಸರಳಿಗೆ ತೂಗಿ, ಯಾವ ರೆಕ್ಕೆ ಕೆಳಗೆ ಬೀಳುತ್ತದೋ ಅದನ್ನು ಸಾಣೆಕಲ್ಲಿನಿಂದ ಉಜ್ಜಿ ಉಜ್ಜಿ, ಕೊನೆಗೆ ಹೇಗೆ ಬಿಟ್ಟರೂ ಹಾಗೇ ನಿಲ್ಲುವಂತೆ ಮಾಡಿದ.

ಉಳಿದದ್ದು ಪಿನ್ನು. ಸರಿಯಾದ ಗಾತ್ರದ ಹಿತ್ತಾಳೆ ಸರಳು ಊಟಿಯ ಯಾವ ಅಂಗಡಿಯಲ್ಲೂ ಸಿಗಲಿಲ್ಲ. ಮಾರನೆಯ ದಿನ ಊಟದ ಹೊತ್ತಿಗೆ ಅಮ್ಮ ಸಾರಿನ ಪಾತ್ರೆಯ ಮುಂದೆ ನಿಂತು ಕೇಳಿದಳು, "ನಂಜಣ್ಣ, ನನ್ನ ಹಿತ್ತಾಳೆ ಸೌಟಿನ ಹಿಡಿ ಎಲ್ಲೋಯ್ತು?"

"ಹಿಡಿ ದೋಣಿಗೋಯ್ತು ಕನವ್ವ. ಬಟ್ಲು ಇಲ್ಲೇ ಅದಲ್ಲ."

ಬಿದಿರಿನ ಕಡ್ಡಿ ಕಟ್ಟಿದ ಆ ಸೌಟಿನಲ್ಲಿ ನಾವು ಮೂರು ತಿಂಗಳು ಸಾರು ಬಡಿಸಿಕೊಂಡೆವು. ಅಪ್ಪನ ಎಲೆಗಿಂತ ತೊಡೆಯ ಮೇಲೆ ಹೆಚ್ಚು ಸಾರು ಬಿತ್ತು. ಮಾವ ಆ ಹಿಡಿಯಿಂದ ಆರು ಪಿನ್ನು ಮಾಡಿದ್ದ.

ಈಗ ನನ್ನ ಪಾಲಿನ ಕತೆ. ಇದನ್ನು ನಾನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ.

ಮಾವ ಎರಡೂ ಪ್ರೊಪೆಲರ್ ಬಿಚ್ಚಿದ ದಿನವೇ ಗುರುತು ಹಾಕಿದ್ದ. ಎಡಗಡೆಯದಕ್ಕೆ ಕುಂಕುಮ, ಬಲಗಡೆಯದಕ್ಕೆ ವಿಭೂತಿ. "ನಂಗೆ ನೀರಿನ ಶಾಸ್ತ್ರ ಗೊತ್ತಿಲ್ಲ ಕಣ್ಲಾ ಸಿದ್ದ. ಯಾವ್ದು ಎಲ್ಲಿತ್ತೋ ಅಲ್ಲೇ ಹಾಕದು, ಅಷ್ಟೇ ನನ್ ಶಾಸ್ತ್ರ" ಎಂದಿದ್ದ. ಪೂಜೆಯ ಹಿಂದಿನ ದಿನ ಅವನು ಊಟಕ್ಕೆ ಹೋದಾಗ ಕಾವಲಿಗೆ ನನ್ನನ್ನು ಕೂರಿಸಿದ. ಅದೇ ಹೊತ್ತಿಗೆ ನನ್ನ ಕ್ಲಾಸಿನ ನಾಲ್ವರು ಬರುವವರಿದ್ದರು. ಇಡೀ ದೋಣಿಯನ್ನು ರಿಪೇರಿ ಮಾಡುತ್ತಿರುವುದು ನಾನು, ಮಾವ ಬರೀ ಸಾಮಾನು ಎತ್ತಿಕೊಡುವವನು ಎಂದು ಅವರಿಗೆ ಹೇಳಿಕೊಂಡಿದ್ದೆ. ಪ್ರೊಪೆಲರುಗಳು ಮಸಿ ಮೆತ್ತಿಕೊಂಡು ಸುಟ್ಟ ಬದನೆಕಾಯಿಯಂತಿದ್ದವು. ಇಂಥದ್ದನ್ನು ತೋರಿಸಿ ಮರ್ಯಾದೆ ಉಳಿಯುತ್ತದೆಯೇ? ಅಂಗಡಿಗೆ ಓಡಿ ಒಂದು ಮುಷ್ಟಿ ಹುಣಸೇಹಣ್ಣು ತಂದು, ಅಮ್ಮ ದೇವರ ಪಾತ್ರೆ ತಿಕ್ಕುವ ಹಾಗೆ ತಿಕ್ಕಿ, ಕೆರೆಯ ನೀರಿನಲ್ಲಿ ತೊಳೆದೆ. ಎರಡೂ ಎರಡು ಸೂರ್ಯರಂತೆ ಹೊಳೆದವು. ಒಂದೊಂದು ಹೆಗಲಿಗೆ ಒಂದೊಂದನ್ನು ಹೊತ್ತು, ಸ್ನೇಹಿತರ ಮುಂದೆ ಆ ಕಡೆಯಿಂದ ಈ ಕಡೆಗೆ ಏಳು ಸಲ ಓಡಾಡಿದೆ.

ಅವರು ಹೋದ ಮೇಲೆ ನೋಡುತ್ತೇನೆ, ಕುಂಕುಮವೂ ಇಲ್ಲ, ವಿಭೂತಿಯೂ ಇಲ್ಲ.

ಬಿದ್ದುಹೋದ ಕಾಸು ಹುಡುಕುವ ಹಾಗೆ ಎರಡನ್ನೂ ತಿರುಗಿಸಿ ಮುರುಗಿಸಿ ನೋಡಿದೆ. ಆಮೇಲೆ ಬುದ್ಧಿ ಓಡಿತು. ಇರುವುದು ಎರಡು ಪ್ರೊಪೆಲರು, ಎರಡು ಗುರುತು. ಶಾಲೆಯ ಲೆಕ್ಕಗಳಲ್ಲಿ ನನಗೆ ಉತ್ತರ ಸರಿಯಾಗಲು ಇಷ್ಟು ಅನುಕೂಲ ಯಾವತ್ತೂ ಇರಲಿಲ್ಲ. ದೋಣಿಮನೆಯ ದೇವರ ಗೂಡಿನಿಂದ ಕುಂಕುಮ ವಿಭೂತಿ ತಂದು, ಕಣ್ಣು ಮುಚ್ಚಿ ಮಾದಪ್ಪನನ್ನು ನೆನೆದು ಹಚ್ಚಿಬಿಟ್ಟೆ. ಮಾವ ಬಂದು, ಹೊಳೆಯುವ ಪ್ರೊಪೆಲರುಗಳನ್ನು ನೋಡಿ, ಮೂಗು ಒಮ್ಮೆ ಅಗಲಿಸಿ, "ಯಾರ್ಲಾ ತೊಳ್ದೋರು?" ಎಂದ.

"ಪೂಜೆಗೆ ಅಲ್ವಾ ಮಾವ? ಮೇಲುಮೇಲೆ ಒರೆಸಿದೆ, ಗುರುತು ಬಿಟ್ಟು" ಎಂದೆ. ಅವನು ನಂಬಿದ. ಕುಂಕುಮದ್ದನ್ನು ಎಡಕ್ಕೆ, ವಿಭೂತಿಯದನ್ನು ಬಲಕ್ಕೆ ಹಾಕಿ, ಸೌಟಿನ ಪಿನ್ನು ತೂರಿಸಿದ. ಒಂದು ಸಲ ಓಡಿಸಿ ನೋಡೋಣವೆಂದರೆ ಶೆಟ್ಟರ ಜೋಯಿಸರು ಬಿಡಲಿಲ್ಲ. ಮುಹೂರ್ತಕ್ಕೆ ಮೊದಲು ಇಂಜಿನ್ನಿಗೆ ಉಸಿರು ಬರಕೂಡದಂತೆ.

ಭಾನುವಾರ ಬೆಳಗ್ಗೆ ಹುಲ್ಲಿನ ಮೇಲೆ ಹಿಮ ಉಪ್ಪು ಚೆಲ್ಲಿದ ಹಾಗಿತ್ತು. ಕೆರೆಯ ದಡದಲ್ಲಿ ಜನವೋ ಜನ. ಒಂದು ಸಾವಿರ ಎಂದರೆ ನೀವು ನಂಬುವುದಿಲ್ಲ, ನೂರೈವತ್ತು ಎಂದಿಟ್ಟುಕೊಳ್ಳಿ. ಪೂಜಾರಿ ನಿಂಬೆಹಣ್ಣು ತಂದಿದ್ದರು, ಆದರೆ ದೋಣಿಗೆ ಚಕ್ರವಿಲ್ಲದ್ದರಿಂದ ಯಾವುದರ ಕೆಳಗಿಡಬೇಕೆಂದು ತಿಳಿಯದೆ ಎಲ್ಲರ ಮುಖ ನೋಡುತ್ತಿದ್ದರು. ಮಾವ ದೋಣಿ ಹತ್ತುವ ಹಲಗೆಯ ಮೇಲೆ ಎಡಗೈ ಅಡ್ಡ ಹಿಡಿದು ನಿಂತ. ಪೂಜಾರಿಯ ಸೊಂಟದಿಂದ ಬೆಂಕಿಪೊಟ್ಟಣ, ದೊಡ್ಡಮ್ಮನ ಮಡಿಲಿನಿಂದ ಅಡಕತ್ತರಿ, ಚಿಕ್ಕಮ್ಮನ ತುರುಬಿನಿಂದ ಐದು ಕಬ್ಬಿಣದ ಪಿನ್ನು.

"ತುರುಬು ಬಿಚ್ಚೋಗ್ತದಲ್ಲ ನಂಜಪ್ಪ!" ಎಂದರು ಚಿಕ್ಕಮ್ಮ.

"ತುರುಬು ಬಿಚ್ಚುದ್ರೆ ಕಟ್ಟಬೋದು ತಾಯಿ. ಒಳಗೆ ಪೆಟ್ರೋಲದೆ, ಕಿಡಿ ಬಿದ್ರೆ ನಾವೇ ಬಿಚ್ಚೋಯ್ತಿವಿ."

ಆರತಿ ದಡದ ಮೇಲೆಯೇ ಆಯಿತು. ಶೆಟ್ಟರು, ಹೆಂಡಿರಿಬ್ಬರು, ಮಾವ, ನಾನು ದೋಣಿಯಲ್ಲಿ. ದೋಣಿಯ ಮೂತಿ ಕೆರೆಯ ಕಡೆಗೆ, ಹಿಂಭಾಗ ಜನರ ಕಡೆಗೆ. ಜನರ ಮುಂದುಗಡೆ ಚಿಕ್ಕಣ್ಣ, ಕಂಕುಳಲ್ಲಿ ಮಾವನ ಹಾಸಿಗೆ ಸುರುಳಿ. ಎರಡೂ ಇಂಜಿನ್ನು ಗುಡುಗಿದವು. ಮಾವ ಎರಡೂ ಗೇರಿನ ಹಿಡಿಗಳನ್ನು ಮುಂದಕ್ಕೆ ತಳ್ಳಿದ.

ದೋಣಿ ಹಿಂದಕ್ಕೆ ನುಗ್ಗಿತು.

ಪೂಜಾರಿಯ ತಟ್ಟೆ ನೀರು ಕಂಡಿತು. ಜನ ದಬದಬ ಹಿಂದಕ್ಕೆ ಓಡಿದರು. ಚಿಕ್ಕಣ್ಣ ಹಾಸಿಗೆ ಸಮೇತ ಕೆಸರಿಗೆ ಹಾರಿದ. ದಡಕ್ಕೆ ಒಂದು ಗೇಣು ಇರುವಾಗ ಮಾವ ಇಂಜಿನ್ನು ನಿಲ್ಲಿಸಿದ. ಆಮೇಲೆ ಎದ್ದ ನಗು ಕೂನೂರಿಗೆ ಕೇಳಿಸಿರಬೇಕು. "ಮೇಸ್ತ್ರಿ, ಎಮ್ಮೇನೂ ಹಿಂಗೇ ಹಿಂದಕ್ಕೆ ಓಡಿಸ್ತಿಯೋ?" ಎಂದು ಯಾರೋ ಕೂಗಿದರು. ಶೆಟ್ಟರು ಕೆಂಪಗಾಗಿ, "ಇವತ್ತೇ ಗುಜರಿಗೆ ಹಾಕ್ತೀನಿ!" ಎಂದರು. ಕೆಸರಿನಿಂದ ಚಿಕ್ಕಣ್ಣನ ಮೆತ್ತಗಿನ ದನಿ ಬಂತು. "ಪರವಾಗಿಲ್ಲ ಮಾವ. ಮಧ್ಯಾಹ್ನ ಬಸ್ಸದೆ."

ನಾನು ಕೆರೆಯೊಳಗಿನ ಮೀನನ್ನು ಎಣಿಸುತ್ತಿದ್ದೆ. ಮಾವ ಇಂಜಿನ್ನಿನ ಮೇಲೆ ಹಿಂಗೈ ಇಟ್ಟು ಕಣ್ಣು ಮುಚ್ಚಿದ. ತೆರೆದಾಗ ಆ ಕಣ್ಣು ನನ್ನ ಮೇಲೆ ಒಂದು ಗಳಿಗೆ ನಿಂತು, ಮುಂದೆ ಹೋಯಿತು.

"ಬುದ್ಧಿ, ಕುಂತ್ಕಳಿ. ಆ ತುದಿಗೆ ಹೋಗಿ ಬರಬೇಕು ಅಂದ್ರಿ. ಯಾವ ಗೇರ್ನಲ್ಲಿ ಅಂತ ಮಾತಾಗಿಲ್ಲ."

ಮತ್ತೆ ಇಂಜಿನ್ನು ಹಾಕಿ, ಎರಡೂ ಹಿಡಿಗಳನ್ನು ಹಿಂದಕ್ಕೆ ಎಳೆದ. ದೋಣಿ ಸಾಧುವಾಗಿ ಮುಂದಕ್ಕೆ ಹೊರಟಿತು. ಪ್ರೊಪೆಲರುಗಳು ಅದಲುಬದಲಾಗಿವೆ, ಹಾಗಾದರೆ ಗೇರನ್ನೂ ತಿರುವಿದರಾಯಿತು! ಇಷ್ಟು ಸಣ್ಣ ವಿಷಯ ನನಗೆ ಹೊಳೆಯಲು ಅರ್ಧ ಕೆರೆ ದಾಟಬೇಕಾಯಿತು. "ಹಿಂದಕ್ಕೆ ಅಂದ್ರೆ ಮುಂದಕ್ಕೆ ಹೋಗೋದು! ಥೇಟ್ ನಮ್ಮ ಯಜಮಾನ್ರು" ಎಂದು ದೊಡ್ಡಮ್ಮ ಅಂದರು. ಚಿಕ್ಕಮ್ಮ ಬಿಚ್ಚಿದ ತುರುಬು ಹಿಡಿದುಕೊಂಡು ನಕ್ಕರು. ಶೆಟ್ಟರು ನಶ್ಯ ಏರಿಸಿದರು.

ಮಾವ ಮಾತ್ರ ನಗಲಿಲ್ಲ. ಹಿಂದಿನ ಗೇರು ದೂರ ಎಳೆಯುವುದಕ್ಕಲ್ಲ, ಅದಕ್ಕೆ ಆಯಾಸವಾಗುತ್ತದೆಂದು ಇಂಜಿನ್ನುಗಳನ್ನು ನಡಿಗೆಯ ವೇಗದಲ್ಲಿಟ್ಟು, ಎರಡು ಕೂಸುಗಳ ತೊಟ್ಟಿಲು ತೂಗುವ ಹಾಗೆ ಎರಡು ಹಿಡಿಗಳ ಮೇಲೆ ಎರಡು ಕೈ ಇಟ್ಟು ಕೂತಿದ್ದ. ಆ ತುದಿ ಮುಟ್ಟಿದೆವು. ತಿರುಗುವಾಗ, ಜೊಂಡಿನ ಹತ್ತಿರ, ನೀರೊಳಗೆ ಧಡ್ ಎಂದಿತು. ದೋಣಿ ನಡುಗಿತು. ಎಡಗಡೆಯ ಇಂಜಿನ್ನು ಹಗ್ಗ ಬಿಚ್ಚಿದ ಹೋರಿಯ ಹಾಗೆ ಕೂಗಿಕೊಂಡಿತು. ಅದೇ ನೀಲಗಿರಿ ಬುಡ.

"ಹೋಯ್ತು! ಮತ್ತೆ ರೆಕ್ಕೆ ಹೋಯ್ತು!" ಶೆಟ್ಟರು ತಲೆ ಹಿಡಿದುಕೊಂಡರು.

ಮಾವ ಇಂಜಿನ್ನು ನಿಲ್ಲಿಸಿ, ದೋಣಿಯ ಅಂಚಿನಿಂದ ಬಗ್ಗಿ ನೀರೊಳಗೆ ಕೈ ಹಾಕಿ ತಡಕಿದ. ಒಂದೊಂದೇ ರೆಕ್ಕೆ ಮುಟ್ಟುತ್ತ, "ಒಂದು, ಎರಡು, ಮೂರು" ಎಂದ. ಆಮೇಲೆ ಅವನ ಮುಖ ಅರಳಿತು. ಮೊಮ್ಮಗ ಹುಟ್ಟಿದ ಸುದ್ದಿಗೂ ಅಷ್ಟು ಅರಳಿರಲಿಲ್ಲ.

"ಮುರೀತು! ಬುದ್ಧಿ, ಪಿನ್ನು ಮುರೀತು! ರೆಕ್ಕೆ ಮೂರೂ ಗಟ್ಟಿಯಾಗವೆ!"

"ಮುರಿದ್ರೆ ಇವನಿಗೇನೋ ಸಂತೋಷ" ಎಂದರು ಶೆಟ್ಟರು. "ಆಯ್ತು, ಇನ್ನೊಂದು ಇಂಜಿನ್ನಲ್ಲೇ ಹೇಗೋ ದಡ ಸೇರಿಸಯ್ಯ."

"ಒಬ್ಬಳು ಮಲಗಿದ್ರೆ ಇನ್ನೊಬ್ಬಳು ಮನೆ ನಡೆಸಲ್ವ?" ಎಂದರು ಚಿಕ್ಕಮ್ಮ.

"ನಡೀತದೆ ತಾಯಿ. ಆದ್ರೆ ಮಾತಾಗಿರದು ಎರಡರಲ್ಲೂ" ಎಂದು ಮಾವ ಅಂಗಿ ಬಿಚ್ಚಿದ.

ಆ ನೀರಿನ ಚಳಿ ಹೇಳಿದರೆ ಅರ್ಥವಾಗುವುದಿಲ್ಲ. ಬಾತುಕೋಳಿಗಳೂ ಅವತ್ತು ದಡದ ಮೇಲಿದ್ದವು. ಅರವತ್ತು ದಾಟಿದ ಮನುಷ್ಯ, ಎದೆಮಟ್ಟದ ನೀರಿಗೆ ಇಳಿದು, ಬಾಯಲ್ಲಿ ಹೊಸ ಪಿನ್ನು ಕಚ್ಚಿಕೊಂಡು ಮುಳುಗಿದ. ಎದ್ದ, ಉಸಿರೆಳೆದ, ಮುಳುಗಿದ. ಮೂರನೆಯ ಸಲ ಎದ್ದಾಗ ತುಟಿ ಜಂಬುನೇರಳೆ ತಿಂದ ಹಾಗಿತ್ತು. "ಲೇ ಸಿದ್ದ, ಬಾ ಇಳಿ. ಸರಳು ತಿರುಗ್ತಾ ಅದೆ, ಹಿಡ್ಕೊ" ಎಂದ.

ಈ ಕೆರೆಯನ್ನು ಎರಡು ಸಲ ಈಜಿ ದಾಟಿದ್ದೇನೆಂದು ನಾನು ಊರಿಗೆಲ್ಲ ಹೇಳಿದ್ದೆ. ಈಗ ದೊಡ್ಡಮ್ಮನ ಸೆರಗು ಹಿಡಿದುಕೊಂಡು ಇಳಿದೆ. ಕಾಲಿಗೆ ನೆಲ ಸಿಕ್ಕಿದ ಮೇಲೂ ಎರಡು ಸಲ ಅಮ್ಮಾ ಎಂದೆ. ನೀರೊಳಗೆ ನಾನು ಸರಳು ಹಿಡಿದೆ. ಅವನ ಬೆರಳು ನನ್ನ ಬೆರಳಿಗೆ ತಾಗುತ್ತಿತ್ತು. ಗಡಗಡ ನಡುಗುತ್ತಿದ್ದ ಕೈ, ಪಿನ್ನು ತೂತಿಗೆ ಬಂದ ಕ್ಷಣ ಮಾತ್ರ ಕಲ್ಲಿನ ಹಾಗೆ ನಿಂತಿತು. ಮುರಿದ ಹಳೆಯ ಪಿನ್ನಿನ ಒಂದು ತುಂಡು ನೀರಿಗೆ ಬಿತ್ತು. ಇನ್ನೊಂದು ತುಂಡನ್ನು ಅವನು ನನ್ನ ಅಂಗೈಗೆ ಒತ್ತಿ, "ಮಡೀಕೊ" ಎಂದ.

ಹಿಂದಿನ ಗೇರಿನಲ್ಲಿ, ಎರಡೂ ಇಂಜಿನ್ನಿನಲ್ಲಿ, ನೆಟ್ಟಗೆ ದಡಕ್ಕೆ ಬಂದೆವು. ಮೊದಲು ನಕ್ಕವರೇ ಮೊದಲು ಚಪ್ಪಾಳೆ ತಟ್ಟಿದರು. ದೋಣಿ ಯಾಕೆ ತಿರುವುಮುರುವಾಯಿತೆಂದು ಶೆಟ್ಟರು ಕೇಳಿದ್ದಕ್ಕೆ ಮಾವ, "ಹೊಸ ಮದುವಣಗಿತ್ತಿ ಬುದ್ಧಿ. ಮೊದಲ ದಿನ ಹಿಂದಿಂದಕ್ಕೇ ಹೆಜ್ಜೆ ಇಡದು" ಎಂದ. ಮಾರನೆಯ ದಿನ ಒಬ್ಬನೇ ಕೂತು ಪ್ರೊಪೆಲರುಗಳನ್ನು ಅದಲುಬದಲು ಮಾಡಿದ. ನನ್ನನ್ನು ಒಂದು ಮಾತೂ ಕೇಳಲಿಲ್ಲ. ಚಿಕ್ಕಣ್ಣ ಕೆಸರಾದ ಹಾಸಿಗೆಯನ್ನು ತಾನೇ ಒಗೆದು ಒಣಹಾಕಿ, ಹಗ್ಗ ಮಾತ್ರ ತೆಗೆದುಕೊಂಡು 'ಮತ್ತೆ ಬತ್ತಿನಿ ಮಾವ' ಎಂದು ಹೋದ.

ಮತ್ತೆ ಬಂದದ್ದು ಹೋದ ತಿಂಗಳು. ಈ ಸಲ ಹಗ್ಗ ತಂದಿರಲಿಲ್ಲ. ಅವರ ಊರಿನಲ್ಲಿ ನಾಲ್ಕಾರು ಜನ ಸೇರಿ ಅಕ್ಕಿ ಗಿರಣಿ ಹಾಕಿದ್ದಾರಂತೆ. ಎಣ್ಣೆ ಇಂಜಿನ್ನು ಬಂದು ಕೂತಿದೆ, ಯಾರು ಏನು ಮಾಡಿದರೂ ಕೆಮ್ಮುತ್ತದೆ, ಓಡುವುದಿಲ್ಲ. ಚಿಕ್ಕಣ್ಣ ಕೈಮುಗಿದು, "ಜಗುಲಿಗೆ ಕರೀತಾ ಇಲ್ಲ. ಮೇಸ್ತ್ರಿ ಬೇಕಾಗದೆ ಮಾವ" ಎಂದ.

ಮಾವ ಕೂಡಲೇ ಒಪ್ಪಲಿಲ್ಲ. ದೋಣಿಮನೆಯ ಹುಡುಗರಿಗೆ ಪಿನ್ನು ಮಾಡುವುದನ್ನು ಕಲಿಸಿ, ಅಮ್ಮನಿಗೆ ಹೊಸ ಹಿತ್ತಾಳೆ ಸೌಟು ತಂದುಕೊಟ್ಟು, ಆಮೇಲೆ ಹೊರಟ. ಗೂಡಲೂರು ರಸ್ತೆಯ ಬಸ್ಸಿನ ಬಾಗಿಲಲ್ಲಿ ನಿಂತು ಡ್ರೈವರಿನಿಂದ ಹಿಡಿದು ಕೋಳಿ ಬುಟ್ಟಿಯ ಮುದುಕಿಯವರೆಗೆ ಎಲ್ಲರ ಜೇಬು, ಗಂಟು ನೋಡಿದ. ಬಸ್ಸು ಅರ್ಧ ಗಂಟೆ ತಡವಾಯಿತು. ಡ್ರೈವರು ತಮಿಳಿನಲ್ಲಿ ಬೈದದ್ದನ್ನು ಇಲ್ಲಿ ಬರೆಯಲಾರೆ. ಕೊನೆಗೆ ಮಾವ ನನ್ನ ಕಡೆ ತಿರುಗಿ ಎಡಗೈ ಚಾಚಿದ.

"ನಾನು ಬರ್ತಾ ಇಲ್ವಲ್ಲ ಮಾವ."

"ಜೋಬು ಈಚೆ ತಗಿ."

ತೆಗೆದೆ. ಮುರಿದ ಪಿನ್ನಿನ ತುಂಡು ಬಂತು. ಚಿನ್ನದ ಹಾಗೆ ಹೊಳೆಯುತ್ತಿತ್ತು. ಸ್ನೇಹಿತರಿಗೆ ತೋರಿಸಲು ವಾರಕ್ಕೊಮ್ಮೆ ಉಜ್ಜುತ್ತಿದ್ದೆ. ಅವನು ಅದನ್ನು ಮೂಗಿನ ಹತ್ತಿರ ಹಿಡಿದು ಒಮ್ಮೆ ಮೂಸಿದ.

"ಹುಣಸೇಹಣ್ಣು" ಎಂದ. "ಅವತ್ತೂ ಇದೇ ವಾಸ್ನೆ."

"ಗೊತ್ತಿತ್ತಾ ಮಾವ?"

"ದೋಣಿ ಹಿಂದಕ್ಕೆ ಹೋಯ್ತಲ್ಲ, ಆಗ್ಲೇ."

"ಮತ್ತೆ ಯಾಕೆ ಹೇಳಲಿಲ್ಲ? ಅಷ್ಟು ಜನ ನಗ್ತಿದ್ರು, ನೀನು ಹೋಗಬೇಕಾಗ್ತಿತ್ತು..."

ಅವನು ಆ ತುಂಡನ್ನು ನನ್ನ ಜೇಬಿಗೆ ಹಾಕಿ, ಜೇಬನ್ನು ಹೊರಗಿನಿಂದ ಎರಡು ಸಲ ತಟ್ಟಿದ.

"ಮುರಿಯಕ್ಕೆ ಅಂತ ಪಿನ್ನು ಅದೆ ಕಣ್ಲಾ. ನಿನ್ನ ಯಾಕ್ ಮುರಿಯಾನ?"

ಬಸ್ಸು ಹೊರಟಿತು. ತಿರುವಿನಲ್ಲಿ ಅವನ ಎಡಗೈ ಕಿಟಕಿಯಿಂದ ಹೊರಗೆ ಅಡ್ಡಲಾಗಿ ಚಾಚಿತ್ತು. ನನಗೆ ಕೈಬೀಸಿದ್ದೋ, ಒಳಗೆ ಯಾರದಾದರೂ ಜೇಬು ನೋಡುತ್ತಿದ್ದನೋ, ತಿಳಿಯಲಿಲ್ಲ.

ನಿನ್ನೆ ದೋಣಿಮನೆಗೆ ಹೋಗಿದ್ದೆ. ಶೆಟ್ಟರ ಹೆಂಡಿರಿಬ್ಬರೂ ಆಗಲೇ ದೋಣಿಯಲ್ಲಿ ಕೂತಿದ್ದರು. ಹಲಗೆಯ ಹತ್ತಿರ ಯಾರೂ ಇರಲಿಲ್ಲ, ಸೀದಾ ಹತ್ತಬಹುದಿತ್ತು. ನನ್ನ ಕಾಲುಗಳು ಅಲ್ಲೇ ನಿಂತವು. ಎರಡೂ ಜೇಬನ್ನು ಹೊರಗೆಳೆದು ಜೋತುಬಿಟ್ಟೆ.

"ಏನೋ ಅದು ಸಿದ್ದ, ಯಾರಿಗೆ ತೋರಿಸ್ತಾ ಇದೀಯ?" ಎಂದರು ದೊಡ್ಡಮ್ಮ.

ಜೇಬಿನಿಂದ ಉರುಳಿದ ಪಿನ್ನಿನ ತುಂಡನ್ನು ಅಂಗೈಯಲ್ಲಿ ಹಿಡಿದುಕೊಂಡು ದೋಣಿ ಹತ್ತಿದೆ. ಉಜ್ಜುವುದನ್ನು ಬಿಟ್ಟಿದ್ದೇನೆ, ಅದೀಗ ಕಪ್ಪಗಾಗುತ್ತಿದೆ.